ಐವತ್ತು ಕಿಲೋ ಬಾರ್ಲಿ ಮತ್ತು ಇಲ್ಲದ ಕುರಿ

ಜೆಡ್ಡಾದ ಅಜೀಜಿಯಾದಲ್ಲಿ ನಾಲ್ಕನೇ ಮಹಡಿಯ ಆ ಮನೆಯನ್ನು ನಾನು ಬಾಡಿಗೆಗೆ ಹಿಡಿದದ್ದೇ ಹೆಂಡತಿ, ಮಗಳು ಬರುತ್ತಾರೆಂದು. ಮಗಳು ಹುಟ್ಟಿದಾಗ ನಾನು ಇಲ್ಲಿದ್ದೆ. ರಜೆ ಕೇಳಿದೆ, ಸಿಗಲಿಲ್ಲ. ಒಂಬತ್ತು ತಿಂಗಳಿಂದ ಅವಳನ್ನು ಫೋನಿನಲ್ಲಿ ನೋಡಿದ್ದೇ ಹೊರತು ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಅಂತೂ ವೀಸಾ ಬಂತು, ಟಿಕೆಟ್ ಆಯಿತು. ಇನ್ನು ಮೂರು ವಾರ ಎನ್ನುವಾಗ ಮೈಸೂರಿನಿಂದ ಅಮ್ಮನ ಫೋನು.

"ಲೋ, ಮಗೂಗೆ ಆ ಡಬ್ಬದ ಪೌಡರ್ ಕಲಸಿ ಹುಯ್ದೀಯ, ಹುಷಾರ್! ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಪುಡಿ ಮಾಡಿಡು. ನೀನು ಬೆಳೆದಿದ್ದೇ ರಾಗಿ ಸರೀಲಿ."

ನಾನು ಬೆಳೆದ ರೀತಿ ನೋಡಿದರೆ ಅದೇನೂ ರಾಗಿಗೆ ಒಳ್ಳೆಯ ಜಾಹೀರಾತಲ್ಲ. ಆದರೂ ಹ್ಞೂಂ ಎಂದೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಅಷ್ಟು ದಿನ ಮಗಳಿಗೆ ದುಡ್ಡು ಕಳಿಸುವುದು ಬಿಟ್ಟರೆ ನನ್ನಿಂದ ಬೇರೆ ಏನೂ ಆಗಿರಲಿಲ್ಲ. ಇದೊಂದನ್ನಾದರೂ ಕೈಯಾರೆ ಮಾಡೋಣ ಎನ್ನಿಸಿತು.

ಇಲ್ಲಿ ನಮ್ಮ ದೇಶದವರ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತಿತ್ತು, ಇಡೀ ಕಾಳು ಇರಲಿಲ್ಲ. ಪಕ್ಕದ ಫ್ಲ್ಯಾಟಿನಲ್ಲಿ ಪುತ್ತೂರಿನ ಗೆಳೆಯನೊಬ್ಬನಿದ್ದ. ದಿನಸಿ ವ್ಯಾಪಾರ. ಪಿಕಪ್ಪಿನಲ್ಲಿ ಯೆಮೆನ್ ಗಡಿಯ ಜಿಜಾನಿನವರೆಗೂ ಸಾಮಾನು ಹಾಕಿ ಬರುವವನು, ಅರಬ್ಬಿ ನೀರು ಕುಡಿದಂತೆ ಮಾತಾಡುವವನು. ಅವನಿಗೆ ಹೇಳಿದೆ. ಎಷ್ಟು ಬೇಕು ಎಂದು ಕೇಳಿದ. ಒಂದು ಕ್ಷಣ ಯೋಚಿಸಿ, "ಒಂದು ಚೀಲ ತಾ" ಎಂದೆ.

ಕುಚ್ಚಲಕ್ಕಿ ಉಂಡು ಬೆಳೆದವನನ್ನು ರಾಗಿ ತರಲು ಕಳಿಸಿದ್ದು ನನ್ನ ತಪ್ಪು, ಒಪ್ಪುತ್ತೇನೆ. ನಾಲ್ಕು ದಿನ ಬಿಟ್ಟು ಐವತ್ತು ಕಿಲೋದ ಚೀಲದೊಂದಿಗೆ ಬಂದ. ಬಿಚ್ಚಿ ನೋಡಿದರೆ ಬಾರ್ಲಿ. ಹೊಟ್ಟು ಸಮೇತ.

"ಇದು ರಾಗೀನಾ ಮಾರಾಯ?"

"ಅಲ್ವಾ? ನೆನೆಸಿ ಮೊಳಕೆ ಬರಿಸುವ ಕಾಳು ಅಂತ ಕೇಳಿದೆ, ಅಂಗಡಿಯವ ಇದು ಕೊಟ್ಟ."

"ರಾಗಿ ಕೆಂಪಗಿರತ್ತೆ! ಸಾಸಿವೆ ಥರ ಸಣ್ಣಗಿರತ್ತೆ!"

"ಹುರಿ, ಇದೂ ಕೆಂಪಾಗ್ತದೆ. ಸಣ್ಣ ಬೇಕಾದ್ರೆ ಪುಡಿ ಮಾಡು. ಅದಕ್ಕೆ ಎಂತ ಅಷ್ಟು ಬೊಬ್ಬೆ?"

ಅಮ್ಮನಿಗೆ ಹೇಳಿದರೆ ಅವಳು ಒಂಚೂರೂ ಕಂಗೆಡಲಿಲ್ಲ. "ಜವೆಗೋಧಿನಾ? ಮಗೂಗೆ ತಂಪು. ಮಾಡೋದು ಎಲ್ಲಾ ಹಂಗೇನೇ" ಎಂದಳು.

ಚೀಲ ಮೇಲೆ ಹೊತ್ತು ತಂದವನು ನಮ್ಮ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ. ಈ ಊರಿನಲ್ಲಿ ಚೀಲಗಟ್ಟಲೆ ಬಾರ್ಲಿ ಕೊಳ್ಳುವವರು ಕುರಿ ಸಾಕುವವರು ಮಾತ್ರ. ಅವನು ಚೀಲ ಇಳಿಸಿ, ಬೆವರು ಒರೆಸಿಕೊಂಡು, ಕುರಿ ಯಾವಾಗ ಬರುತ್ತದೆ ಎಂದು ಹಿಂದಿಯಲ್ಲಿ ಕೇಳಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು, "ಇನ್ನು ಎರಡು ವಾರ!" ಎಂದು ಹಲ್ಲು ಕಿರಿದೆ. ಅವನು ನಗಲಿಲ್ಲ.

ಕಾಳು ಶೇಖರಿಸಿಡುವ ಸಂಭ್ರಮ ಶುರುವಾಯಿತು. ಸಮುದ್ರದ ತೇವಕ್ಕೆ ಹುಳ ಬೀಳುತ್ತದೆಂದು ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ ತಂದೆ. ರಸ್ತೆ ಬದಿಯ ಮರದಿಂದ ಬೇವಿನ ಸೊಪ್ಪು ಕಿತ್ತು, ಒಣಗಿಸಿ, ಒಂದು ಪದರ ಕಾಳು, ಒಂದು ಪದರ ಸೊಪ್ಪು, ನಡುವೆ ಒಣಮೆಣಸಿನಕಾಯಿ ಹಾಕುತ್ತ ತುಂಬಿದೆ. ಮೆಣಸಿನ ಘಾಟಿಗೆ ಸೀನಿ ಸೀನಿ ಸಾಕಾಯಿತು. ಅದಕ್ಕೂ ಮೊದಲು ಹತ್ತು ಕಿಲೋ ತೆಗೆದು ಬಾತ್‌ಟಬ್ಬಿನಲ್ಲಿ ನೆನೆಹಾಕಿದ್ದೆ. ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿ ಬೇರೆ ಇರಲಿಲ್ಲ. ಸ್ನಾನಕ್ಕೆ ಗೆಳೆಯನ ಮನೆಗೆ ಹೋಗುತ್ತಿದ್ದೆ.

ಒಂದು ರಾತ್ರಿ ನೆನೆದರೆ ಸಾಕಿತ್ತು. ಆಫೀಸಿನ ಗಡಿಬಿಡಿಯಲ್ಲಿ ಎರಡು ದಿನ ಮರೆತೆ. ಆಮೇಲೆ ನೀರು ಬಸಿದು ಒದ್ದೆ ಪಂಚೆ ಹೊದಿಸಿದೆ. ಮೊಳಕೆಯೇನೋ ಬಂತು, ಜೊತೆಗೆ ಹುಳಿ ವಾಸನೆಯೂ ಬಂತು. ಬಾಗಿಲು ತೆಗೆದರೆ ಅದು ಲಿಫ್ಟಿನವರೆಗೂ ಹೋಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಗೆಳೆಯ ಫೋನು ಹಿಡಿದು ಓಡಿ ಬಂದ.

"ನೆನೆಸುದು, ಮೊಳಕೆ ಬರಿಸುದು, ಒಣಗಿಸುದು, ಹುರಿಯುದು. ಇದು ಎಂತ ಗೊತ್ತುಂಟಾ ನಿಂಗೆ? ಬಿಯರ್ ಮಾಡುವ ಕ್ರಮ ಮಾರಾಯ! ನೀನು ಅರ್ಧ ದಾರಿ ಮುಟ್ಟಿ ಆಯ್ತು!"

ಅವನ ಫೋನಿನಲ್ಲಿ ಯಾವ ದೇಶದವನೋ ಒಬ್ಬ ಗಡ್ಡದವನು ಮನೆಯಲ್ಲೇ ಬಿಯರ್ ಮಾಡುತ್ತ ನಿಂತಿದ್ದ. ಪಕ್ಕದಲ್ಲಿ ಐವತ್ತು ಕಿಲೋ ಬಾರ್ಲಿ ಚೀಲ. ಅದರ ಪಕ್ಕದಲ್ಲಿ ನೀಲಿ ಡ್ರಮ್. ನನ್ನ ಮನೆಯದೇ ಫೋಟೋ ಎನ್ನಬಹುದಿತ್ತು, ನನಗೆ ಗಡ್ಡವೊಂದಿಲ್ಲ ಅಷ್ಟೇ. ಅಯ್ಯೋ ಕರ್ಮವೇ! ಏಕಾದಶಿಗೆ ಹನಿ ನೀರೂ ಮುಟ್ಟದ ನನ್ನ ತಾಯಿ ನನಗೆ ಫೋನಿನಲ್ಲಿ ಬಿಯರ್ ಮಾಡುವುದನ್ನು ಹೇಳಿಕೊಟ್ಟಿದ್ದಳು. ಅದೂ ಸೌದಿಯಲ್ಲಿ! ಇಲ್ಲಿ ಹೆಂಡದ ವಿಷಯದಲ್ಲಿ ಸಿಕ್ಕಿಬಿದ್ದರೆ ಕೆಲಸ, ಇಕಾಮಾ ಎನ್ನುವ ವಾಸದ ಪರವಾನಗಿ ಎಲ್ಲ ಕಿತ್ತುಕೊಂಡು ವಿಮಾನ ಹತ್ತಿಸುತ್ತಾರೆ. ಆಮೇಲೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮನೆಯ ಯಜಮಾನರು, ಬಿಳಿ ಗಡ್ಡದ ಸೌದಿ ಮುದುಕರು. ಹಿಂದೆ ಹಾರಿಸ್, ಮೂಗು ಮುಚ್ಚಿಕೊಂಡು. ಯಜಮಾನರು ಒಂದು ಸಲ ಮೂಸಿದರು. ಏನು ಇದು ಎಂದು ಕೈಯಾಡಿಸಿದರು. ನನ್ನ ಅರಬ್ಬಿ ಯಲ್ಲಾ, ಖಲಾಸ್ ಎನ್ನುವಲ್ಲಿಗೆ ಮುಗಿಯುತ್ತದೆ. ಹೋಟೆಲಿನ ಮೆನುವಿನಿಂದ ಕಲಿತ ಇನ್ನೊಂದು ಪದವಿತ್ತು, ಕುರಿಗೆ. ಬಿಯರಿಗಿಂತ ಕುರಿ ವಾಸಿ ಎಂದು ಹೊಳೆಯಿತು.

"ಖರೂಫ್!" ಎಂದುಬಿಟ್ಟೆ.

ನೋಡಿದಿರಾ, ಹೇಳಿರಲಿಲ್ಲವೇ ಎನ್ನುವಂತೆ ಹಾರಿಸ್ ತಲೆಯಾಡಿಸಿದ. ಯಜಮಾನರು ಒಳಗೆ ಬಂದು ಕುರಿ ಹುಡುಕಿದರು. ಕೋಣೆ ನೋಡಿದರು, ಬಾಲ್ಕನಿ ನೋಡಿದರು, ಬಟ್ಟೆಯ ಕಪಾಟು ತೆಗೆದು ನೋಡಿದರು. ಕೊನೆಗೆ ಬಾತ್‌ಟಬ್ಬಿನ ಮುಂದೆ ನಿಂತು ಜೋರಾಗಿ ಏನೋ ಹೇಳಿದರು. ಗೆಳೆಯ ಕನ್ನಡಕ್ಕೆ ತಿರುಗಿಸಿದ.

"ಕುರಿ ಸಾಕುವವನಿಗೆ ಮನೆ ಇಲ್ಲವಂತೆ. ಒಂದು ವಾರದಲ್ಲಿ ಖಾಲಿ ಮಾಡಬೇಕಂತೆ. ಎಂತ ಹೇಳಿದ್ದು ನೀನು? ತಲೆ ಸರಿ ಉಂಟಾ?"

ಹೆಂಡತಿ, ಮಗಳು ಬರುವುದು ಇನ್ನು ಹನ್ನೊಂದು ದಿನಕ್ಕೆ. ಮನೆಯೇ ಇಲ್ಲದಿದ್ದರೆ ಎಲ್ಲಿಗೆ ಕರೆತರಲಿ? ಟಿಕೆಟ್ ಮುಂದೆ ಹಾಕು ಎಂದು ಹೆಂಡತಿಗೆ ಯಾವ ಬಾಯಲ್ಲಿ ಹೇಳಲಿ? ಈಗಾಗಲೇ ಎರಡು ಸಲ ಹೇಳಿದ್ದೆ.

"ನಿಜ ಹೇಳಿಬಿಡು ಮಾರಾಯ" ಎಂದು ಗೆಳೆಯನ ಕೈ ಹಿಡಿದುಕೊಂಡೆ. "ಕುರಿ ಇಲ್ಲ, ಬಿಯರೂ ಇಲ್ಲ. ಮಗಳು ಬರ್ತಾಳೆ, ಅವಳಿಗೆ ತಿನ್ನಿಸೋಕೆ ಸರಿ ಮಾಡ್ತಿದೀನಿ, ಅಷ್ಟೇ ಅನ್ನು."

ಅವನು ಹೇಳಿದ. ತುಂಬ ಹೊತ್ತು, ಕೈಬಾಯಿ ಎರಡರಲ್ಲೂ ಹೇಳಿದ. ಯಜಮಾನರು ಕೇಳಿಸಿಕೊಂಡು, ನೀಲಿ ಡ್ರಮ್ಮಿನ ಮುಚ್ಚಳ ತೆಗೆದರು. ಮೆಣಸಿನ ಘಾಟಿಗೆ ಎರಡು ಸಲ ಸೀನಿದರು. ಒಂದು ಹಿಡಿ ಬಾರ್ಲಿ ತೆಗೆದು ನೋಡಿ, ನನ್ನ ಕಡೆ ತಿರುಗಿ ಪ್ರಶ್ನೆ ಕೇಳಿದರು.

"ಮಗಳಿಗೆ ಎಷ್ಟು ಪ್ರಾಯ ಅಂತ ಕೇಳ್ತಾರೆ" ಎಂದ ಗೆಳೆಯ.

"ಒಂಬತ್ತು ತಿಂಗಳು."

"ಒಂಬತ್ತು ತಿಂಗಳ ಮಗುವಿಗೆ ಐವತ್ತು ಕಿಲೋ ಯಾಕೆ, ಸುಳ್ಳು ಹೇಳ್ಬೇಡ ಅಂತಾರೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ನನಗೇನು ಗೊತ್ತು?" ಎಂದು ಕಿರುಚಿದೆ. "ಒಂದು ಮಗು ಎಷ್ಟು ತಿನ್ನತ್ತೆ ಅಂತ ನಂಗೆ ಹೇಗೆ ಗೊತ್ತಿರತ್ತೆ? ನಾನು ಅವಳನ್ನ ಇನ್ನೂ ನೋಡೇ ಇಲ್ವಲ್ಲ!"

ಗೆಳೆಯ ಅದನ್ನು ಮೆಲ್ಲಗೆ ಒಂದೇ ವಾಕ್ಯದಲ್ಲಿ ಅವರಿಗೆ ಹೇಳಿದ. ಯಜಮಾನರು ಕೈಯಲ್ಲಿದ್ದ ಬಾರ್ಲಿಯನ್ನು ಡ್ರಮ್ಮಿಗೆ ಸುರಿದು, ನಾಲ್ಕೇ ನಾಲ್ಕು ಕಾಳು ಆರಿಸಿ ನನ್ನ ಅಂಗೈಯಲ್ಲಿಟ್ಟರು. ಮೊದಲ ದಿನ ಇಷ್ಟು ಸಾಕು ಎಂದರು. ಅವರಿಗೆ ಏಳು ಮಕ್ಕಳಂತೆ. ಹುಳಿ ಬಂದದ್ದನ್ನು ಚೆಲ್ಲಿ ಟಬ್ ತೊಳೆದಿಡು, ಒಣಕಾಳು ಒಂದು ಡಬ್ಬ ಇಟ್ಟುಕೋ, ಮಿಕ್ಕಿದ್ದನ್ನು ಹಾರಿಸ್ ಇಳಿಸುತ್ತಾನೆ, ನನ್ನ ಹತ್ತಿರ ನಿಜವಾದ ಕುರಿಗಳಿವೆ ಎಂದರು. ಖಾಲಿ ಮಾಡುವ ಮಾತು ಮತ್ತೆ ಎತ್ತಲಿಲ್ಲ.

ಹನ್ನೊಂದನೆಯ ದಿನ ವಿಮಾನ ನಿಲ್ದಾಣದಲ್ಲಿ ಮಗಳು ನನ್ನನ್ನು ನೋಡಿ ಕಿಟಾರನೆ ಕಿರುಚಿ ತನ್ನಮ್ಮನ ಕುತ್ತಿಗೆ ತಬ್ಬಿಕೊಂಡಳು. ಮನೆಗೆ ಬಂದರೂ ನನ್ನ ಹತ್ತಿರ ಸುಳಿಯಲಿಲ್ಲ. ಸಂಜೆ, ಆ ಒಂದು ಡಬ್ಬ ಕಾಳಿನಿಂದ ಹೊಸದಾಗಿ ಮಾಡಿಟ್ಟಿದ್ದ ಪುಡಿಯಲ್ಲಿ ಸರಿ ಕುದಿಸಿ, ಆರಿಸಿ, ಅವಳ ಮುಂದೆ ನೆಲದ ಮೇಲೆ ಕೂತೆ. ಮೊದಲ ಚಮಚ ನುಂಗಿದಳು. ನನ್ನ ಮುಖ ನೋಡಿದಳು. ಎರಡನೆಯದನ್ನೂ ನುಂಗಿದಳು. ಮೂರನೆಯದನ್ನು ಪುರ್ ಎಂದು ನನ್ನ ಮುಖಕ್ಕೇ ಉಗಿದು, ನಕ್ಕು, ಅಂಬೆಗಾಲಿಟ್ಟು ಬಂದು ನನ್ನ ಮೂಗಿಗೆ ಅಂಟಿದ್ದನ್ನು ಬೆರಳಲ್ಲಿ ಕೆರೆಯತೊಡಗಿದಳು.

"ಅಯ್ಯೋ, ಏನೂ ತಿನ್ನಲೇ ಇಲ್ವಲ್ಲ ರೀ" ಎಂದಳು ಹೆಂಡತಿ.

"ಎರಡು ಚಮಚ ತಿಂದಳು ಕಣೇ!" ಎಂದೆ. "ಎರಡು!"