ಲಿನಕ್ಸ್ ಇಲ್ಲದ ಲಿನಕ್ಸ್ ಲ್ಯಾಬು

ಚಳ್ಳಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದ ಕಾಲ. ಲ್ಯಾಬಿನ ಬಾಗಿಲ ಮೇಲೆ 'ಲಿನಕ್ಸ್ ಲ್ಯಾಬ್' ಎಂಬ ಬೋರ್ಡಿತ್ತು. ಒಳಗೆ ಲಿನಕ್ಸ್ ಇರಲಿಲ್ಲ. ಅಷ್ಟೂ ಮಷಿನ್ನಿನಲ್ಲಿ ವಿಂಡೋಸ್. ಅದರ ಮೇಲೆ ಸಿಗ್ವಿನ್ ಎಂಬ ತಂತ್ರಾಂಶ ಹಾಕಿಕೊಂಡು ಲಿನಕ್ಸಿನ ಕಮಾಂಡುಗಳನ್ನು ಓಡಿಸುತ್ತಿದ್ದೆವು. ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದವರಿಗೆ ಪ್ರಿನ್ಸಿಪಾಲರು ಲಿನಕ್ಸ್ ಇದೆ ಎಂದು ಬರೆದುಕೊಟ್ಟಾಗಿತ್ತು.

"ಯಾರ್ ಕೇಳಿದ್ರೂ ಲಿನಕ್ಸ್ ಐತೆ ಅನ್ರಿ. ನೀವು ಬಾಯಿ ಬಿಟ್ರೆ ಲ್ಯಾಬೂ ಹೋಗ್ತೈತೆ, ನಿಮ್ ಕೆಲ್ಸಾನೂ ಹೋಗ್ತೈತೆ" ಎಂದಿದ್ದರು.

ಪರೀಕ್ಷೆಯ ದಿನ ಆಲ್ಟ್-ಎಂಟರ್ ಒತ್ತಿ ಸಿಗ್ವಿನ್ನಿನ ಕಪ್ಪು ಕಿಟಕಿಯನ್ನು ಪರದೆ ತುಂಬ ಹರಡಿಬಿಟ್ಟರೆ ಹಿಂದೆ ವಿಂಡೋಸ್ ಇರುವುದು ಯಾವ ಪರೀಕ್ಷಕರಿಗೂ ಗೊತ್ತಾಗುತ್ತಿರಲಿಲ್ಲ. ಈ ಉಪಾಯ ನನ್ನದೇ. ಹೆಮ್ಮೆ ಬೇರೆ ಇತ್ತು.

ಒಂದೇ ತೊಡಕು. ಫೈಲನ್ನು ಯಾರು ಓದಬಹುದು ಎಂಬುದನ್ನು ಬದಲಿಸುವ ಕಮಾಂಡು ನಡೆಯುತ್ತಿರಲಿಲ್ಲ. ಮಕ್ಕಳ ಫೈಲುಗಳಿದ್ದ ಡಿ ಡ್ರೈವನ್ನು ನಾನು ಹಳೆಯ ಫ್ಯಾಟ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ್ದೆ. ಅದರಲ್ಲಿ ಇಂಥದನ್ನೆಲ್ಲ ಬರೆದಿಡಲು ಜಾಗವೇ ಇಲ್ಲ. ಕಮಾಂಡು ಕೊಟ್ಟರೆ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ, ಏನೂ ಬದಲಾಗಿರುವುದಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡು ಕಾರಣ ಕಂಡುಹಿಡಿದೆ. ಎಲ್ಲವನ್ನೂ ಮತ್ತೆ ಫಾರ್ಮ್ಯಾಟ್ ಮಾಡಲು ಮೈಗಳ್ಳತನ. ಪರೀಕ್ಷೆಯಲ್ಲಿ ಮಕ್ಕಳು ಪ್ರಶ್ನೆ ಎತ್ತುವ ಡಬ್ಬಿಯಿಂದ ಆ ಪ್ರಶ್ನೆಯ ಚೀಟಿಯನ್ನೇ ತೆಗೆದುಹಾಕಿದೆ.

ಆ ವರ್ಷ ಬಂದ ಪರೀಕ್ಷಕರು ತಮ್ಮದೇ ಚೀಟಿಗಳನ್ನು ತಂದಿದ್ದರು. ಕೊಂಡ್ಲಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಗೆ ಆ ಪ್ರಶ್ನೆಯೇ ಬಂತು. ಹಿಂದಿನ ವರ್ಷ ಟೈಫಾಯ್ಡಿನಿಂದ ತಪ್ಪಿಹೋಗಿದ್ದ ಪೇಪರು. ಇದೊಂದು ಪಾಸಾದರೆ ಅವಳ ಡಿಗ್ರಿ ಮುಗಿಯುತ್ತಿತ್ತು.

ತನ್ನ ಫೈಲನ್ನು ಬೇರೆಯವರು ಓದದಂತೆ ಮಾಡಬೇಕು. ಕಮಾಂಡು ಸರಿಯಾಗಿಯೇ ಕೊಟ್ಟಳು. ಫೈಲುಗಳ ಪಟ್ಟಿ ತೆಗೆದು ನೋಡಿದರೆ, ಎಲ್ಲರೂ ಓದಬಹುದು ಎಂದೇ ತೋರಿಸಿತು. ಇನ್ನೊಮ್ಮೆ ಕೊಟ್ಟಳು. ಮತ್ತೊಮ್ಮೆ ಕೊಟ್ಟಳು. ಆಮೇಲೆ ನನ್ನ ಕಡೆ ನೋಡಿದಳು.

ಸಿ ಡ್ರೈವ್ ಬೇರೆ ಪದ್ಧತಿಯದು. ಅಲ್ಲಿ ಮಾಡು ಎಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಸಿ, ಡಿ ಎಂಬ ಡ್ರೈವುಗಳೆಲ್ಲ ವಿಂಡೋಸಿನವು. ಲಿನಕ್ಸಿನಲ್ಲಿ ಸಿ ಡ್ರೈವ್ ಎಲ್ಲಿಂದ ಬಂತು? ಪರೀಕ್ಷಕರು ಅವಳ ಪಕ್ಕದಲ್ಲೇ ಇದ್ದರು. ಬಾಗಿಲಲ್ಲಿ ಪ್ರಿನ್ಸಿಪಾಲರು ಅವರಿಗೆಂದು ಮಂಡಕ್ಕಿ-ಮಿರ್ಚಿಯ ತಟ್ಟೆ ಹಿಡಿದು ನಿಂತಿದ್ದರು. ಓಡಿಹೋಗಲು ಆ ಬಾಗಿಲು ಬಿಟ್ಟರೆ ಬೇರೆ ಬಾಗಿಲಿರಲಿಲ್ಲ.

"ಇಷ್ಟೂ ಹೇಳ್ಕೊಟ್ಟಿಲ್ವೇನ್ರಿ?" ಎಂದರು ಪರೀಕ್ಷಕರು.

"ಹೇಳ್ಕೊಟ್ಟಿದ್ದೀನಿ ಸಾರ್" ಎಂದೆ. ಅಷ್ಟೇ ಎಂದೆ.

ಅವರು ಸೊನ್ನೆ ಹಾಕಿದರು. ಅಲ್ಲಿಗೆ ಅವಳು ಫೇಲು. ಪ್ರಿನ್ಸಿಪಾಲರು ತಟ್ಟೆ ಹಿಡಿದುಕೊಂಡು ಒಳಗೆ ಬಂದರು.

ಸಂಜೆ ಅವಳು ಬಸ್ ಸ್ಟ್ಯಾಂಡಿನಲ್ಲಿ ತನ್ನೂರಿನ ಕಡೆ ಹೋಗುವ ಮೊಳಕಾಲ್ಮುರು ಬಸ್ಸಿಗೆ ಕಾಯುತ್ತಿದ್ದಳು. ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಕಣ್ಣಿಗೆ ಬಿದ್ದೆ. ಮುಂದಿನ ಸಲ ಪಾಸಾಗ್ತೀಯಮ್ಮ ಎಂದೇನೋ ಶುರು ಮಾಡಿದೆ.

"ಅದು ವಿಂಡೋಸ್ ಅಂತ ನಮ್ಗೆಲ್ಲ ಗೊತ್ತೈತೆ ಸಾರ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನೇ ಹೇಳ್ಬೋದಿತ್ತು. ನೀವು ಹೇಳ್ತೀರಿ ಅಂತ ಸುಮ್ನಿದ್ದೆ."