ಹುಬ್ಬಮ್ಮನ ಸದ್ದಿಲ್ಲದ ಕಂಪ್ರೆಸರ್

ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಹೊಸ ಉಡುಪು ತೊಟ್ಟು ನಿಲ್ಲುವ ಗೊಂಬೆಗಳಿಗೆ ಹುಬ್ಬು ಬರೆಯುವುದು ಎಷ್ಟು ಕಷ್ಟವೆಂದು ಕೇಳುವುದಾದರೆ ಹುಬ್ಬಮ್ಮನನ್ನೇ ಕೇಳಬೇಕು. ಕೇಳಿದಿರೋ, ಆ ದಿನದ ಮಿಕ್ಕ ಕೆಲಸಗಳನ್ನು ಮರೆತುಬಿಡಿ. ಗಾಳಿಯ ಒತ್ತಡ ಚೂರು ಹೆಚ್ಚಾದರೆ ಗೊಂಬೆ ಜಗಳಕ್ಕೆ ನಿಂತವಳ ಹಾಗೆ ಕಾಣುತ್ತದಂತೆ, ಚೂರು ಕಡಿಮೆಯಾದರೆ ಜ್ವರ ಬಿಟ್ಟು ಎದ್ದವಳ ಹಾಗೆ. ಗೊಂಬೆ ಕಾರ್ಖಾನೆಗೆ ಅವಳು ಮದುವೆಯಾದ ಹೊಸತರಲ್ಲಿ ಸೇರಿದವಳು, ತಲೆ ನರೆಯುವ ತನಕ ಬರೆದದ್ದು ಹುಬ್ಬು, ರೆಪ್ಪೆ, ತುಟಿ, ಕೆನ್ನೆಯ ಕೆಂಪು. ಹೆಸರು ಅಂಟಿಕೊಂಡದ್ದೂ ಅಲ್ಲೇ. ಅವಳ ಬೆನ್ನ ಹಿಂದೆ ಎಮ್ಮೆ ಗಾತ್ರದ ಎರಡು ಕಂಪ್ರೆಸರ್‌ಗಳು ದಿನವಿಡೀ ಗುಡುಗುತ್ತಿದ್ದವು. ಅವುಗಳ ಗಾಳಿಯೇ ಕೊಳವೆ ಹಿಡಿದು ಬಂದು ಅವಳ ಕೈಯ ಪೆನ್ನಿನಂಥ ಗನ್ನಿನಿಂದ ಬಣ್ಣವನ್ನು ಮಂಜಿನಂತೆ ಚಿಮ್ಮಿಸುತ್ತಿತ್ತು. ಆ ಗಲಾಟೆಯಲ್ಲಿ ಮಾತಾಡಬೇಕಾದವರು ಕೈಸನ್ನೆ ಮಾಡುತ್ತಿದ್ದರು. ಬೈಯಬೇಕಾದವರೂ ಅಷ್ಟೆ.

ಆಮೇಲೆ ಮೂಗು ಬಾಯಿ ಇಲ್ಲದ ನುಣ್ಣನೆ ಗೊಂಬೆಗಳ ಕಾಲ ಬಂತು. ಹುಬ್ಬೇ ಬೇಡವೆಂದ ಮೇಲೆ ಹುಬ್ಬಮ್ಮ ಯಾಕೆ? ಕಾರ್ಖಾನೆಯವರು ಕೈಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ಕೂತು ಅವಳು ಟೀವಿಯಲ್ಲಿ ಸುದ್ದಿ ಓದುವವರ ಹುಬ್ಬಿನಲ್ಲಿ ತಪ್ಪು ಹುಡುಕತೊಡಗಿದಳು. ಊಟ ಕಡಿಮೆಯಾಯಿತು, ಸಿಡುಕು ಜಾಸ್ತಿಯಾಯಿತು. ಹಾಗಿರುವಾಗ ಹಳೆಯ ಬಟ್ಟೆ ಅಂಗಡಿಯವನೊಬ್ಬ ಬಣ್ಣ ಹೋದ ನಾಲ್ಕು ಗೊಂಬೆಗಳನ್ನು ತಂದು ಬಾಗಿಲಲ್ಲಿ ನಿಲ್ಲಿಸಿ, "ಇವಕ್ಕೆ ಜೀವ ಬರಿಸಿ ಕೊಡಿ ತಾಯಿ" ಅಂದ. ಗೊಂಬೆಗಳಿಗೆ ಬರುವ ಮೊದಲೇ ಹುಬ್ಬಮ್ಮನಿಗೆ ಜೀವ ಬಂತು.

ಮಗ ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯವನು. ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟ, ಕಿಟಕಿಗೆ ಫ್ಯಾನು ಕೂಡಿಸಿದ.

"ಒಂದೇ ಮಾತಮ್ಮ," ಅಂದ. "ಗೋಡೆಯಾಚೆ ಪುಟ್ಟಿ ಮಲಗೋದು. ಅವಳ ನಿದ್ದೆ ಕೆಡಬಾರ್ದು. ಸದ್ದಿಲ್ಲದ ಕಂಪ್ರೆಸರ್ ಸಿಕ್ಕಿದ್ರೆ ಮಾತ್ರ ಈ ಕೆಲಸ."

ಪುಟ್ಟಿ ಎಂದರೆ ಆಗತಾನೇ ಕೂರಲು ಕಲಿತಿದ್ದ ಮೊಮ್ಮಗಳು. ಸೊಸೆಯೂ ಪಕ್ಕದಲ್ಲಿ ನಿಂತು ಏನೋ ಅಂದಳು. ಸೊಸೆಯದು ಯಾವಾಗಲೂ ಹಾಗೆಯೇ. ಬಾಯೊಳಗೇ ಮಾತು ಅಗಿದು ನುಂಗುವುದು. ಮಾತಿಗೇನು ಬಾಡಿಗೆ ಕೊಡಬೇಕೆ ಎಂದು ಹುಬ್ಬಮ್ಮನಿಗೆ ಸಿಟ್ಟು ಬರುತ್ತಿತ್ತು. ಒಂದೆರಡು ಸಲ "ಆಂ?" ಎಂದು ನೋಡಿ, ಈಚೆಗೆ ಅದನ್ನೂ ಬಿಟ್ಟು ಸುಮ್ಮನೆ ತಲೆಯಾಡಿಸುತ್ತಿದ್ದಳು.

ಕಂಪ್ರೆಸರ್ ಆರಿಸಲು ಅವಳು ಮಿಷನ್ನಿನ ಅಂಗಡಿಗೆ ಹೋದ ಚಂದವನ್ನು ನೋಡಬೇಕಿತ್ತು. ಹೆಣ್ಣು ನೋಡಲು ಹೋದವರೂ ಅಷ್ಟು ಪರೀಕ್ಷೆ ಮಾಡಲಾರರು. ಒಂದೊಂದನ್ನೂ ಚಾಲೂ ಮಾಡಿಸಿ ಹತ್ತಿರ ಕೂತು ಕೇಳುವುದು, ಬಾಗಿಲಾಚೆ ಹೋಗಿ ಕೇಳುವುದು, ಕಣ್ಣು ಮುಚ್ಚಿ ಕೇಳುವುದು. ತಪ್ಪಿದರೆ ಕೋಣೆ ಹೋಯಿತು, ಕೆಲಸ ಹೋಯಿತು, ಮತ್ತೆ ಟೀವಿಯ ಮುಂದೆ ಕೂರಬೇಕು. ಆ ಹೆದರಿಕೆಗೆ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಅಂಗಡಿಯವನು ಎಣ್ಣೆಯಲ್ಲಿ ಮುಳುಗಿ ಓಡುವ, ಫ್ರಿಜ್ಜಿನ ಮೋಟಾರಿನಂಥ ದುಂಡನೆಯದೊಂದನ್ನು ತೋರಿಸಿದ.

"ಇದಕ್ಕಿಂತ ಸದ್ದಿಲ್ಲದೆ ತಣ್ಣಗಿರೋದು ಬೇರೆ ಇಲ್ಲಮ್ಮ."

ಹುಬ್ಬಮ್ಮ ಕಿವಿಯಿಟ್ಟಳು. ಗುಡುಗುಡು, ಗುಡುಗುಡು. ಕಾರ್ಖಾನೆಯ ಎಮ್ಮೆಯದೇ ಕರು. "ಇದಾ ತಣ್ಣಗಿರೋದು?" ಎಂದು ಮುಖ ಸಿಂಡರಿಸಿ ಮುಂದೆ ಹೋದಳು. ಮೂಲೆಯಲ್ಲಿ ಎಣ್ಣೆ ಬೇಡದ, ಬುಟ್ಟಿಯಷ್ಟೇ ಹಗುರವಾದ ಇನ್ನೊಂದಿತ್ತು. ಅದನ್ನು ಚಾಲೂ ಮಾಡಿದರೆ ಎಲ್ಲೋ ದೂರದಲ್ಲಿ ಯಾರೋ ಕಾಳು ಕೇರಿದಷ್ಟು ಸದ್ದು. ಅವಳ ಮುಖ ಅರಳಿತು.

"ಇದನ್ನೇ ಕಟ್ಟಿ."

ಅಂಗಡಿಯವನು ಮಿಕಮಿಕ ನೋಡಿದ. "ಅಮ್ಮಾ, ಸರಿಯಾಗಿ ಕೇಳಿದ್ರಾ?"

"ಯಾಕೆ, ನನಗೆ ಕಿವಿ ಇಲ್ವಾ?"

ಗಿರಾಕಿಯ ಹತ್ತಿರ ಯಾರು ವಾದ ಮಾಡುತ್ತಾರೆ? ಅವನು ಕಟ್ಟಿಕೊಟ್ಟ.

ಮಗ ಕೆಲಸಕ್ಕೆ ಹೋದ ಮೇಲೆ ಹುಬ್ಬಮ್ಮ ಜೀವ ಕೈಯಲ್ಲಿ ಹಿಡಿದುಕೊಂಡು ಸ್ವಿಚ್ಚು ಒತ್ತಿದಳು. ಬೆಕ್ಕಿನ ಹೆಜ್ಜೆಯಲ್ಲಿ ಪಕ್ಕದ ಕೋಣೆಗೆ ಹೋಗಿ ಇಣುಕಿದಳು. ಪುಟ್ಟಿ ಮುಷ್ಟಿ ಕಟ್ಟಿಕೊಂಡು ಗಾಢ ನಿದ್ದೆಯಲ್ಲಿತ್ತು. ಮಾರನೆಯ ದಿನವೂ ಹಾಗೆಯೇ. ಗೆದ್ದೆ ಅಂದುಕೊಂಡಳು ಹುಬ್ಬಮ್ಮ. ಸೊಸೆ ಮಾತ್ರ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಿದ್ದಳು, ಹುಬ್ಬು ಗಂಟಿಕ್ಕಿತ್ತು. ಶೀತವೋ ಏನೋ, ಅಥವಾ ಅತ್ತೆ ಕೆಲಸ ಮಾಡುವುದು ಕಂಡರಾಗದೋ ಏನೋ. ಅವಳು ಬಾಗಿಲಲ್ಲಿ ನಿಂತು ಏನೋ ಅಂದಾಗ ಹುಬ್ಬಮ್ಮ "ಹ್ಞೂಂ, ಚೆನ್ನಾಗಿದೆ ಅಲ್ವಾ!" ಎಂದು ಗನ್ನು ತೊಳೆಯಲು ಹೋದಳು.

ಆ ಸಂತೋಷಕ್ಕೆ ಕಲ್ಲು ಹಾಕಿದವನು ಮೇಲ್ಮನೆಯ ಟೈಲರ್. ಅಳತೆಯ ಟೇಪು ಕೊರಳಲ್ಲಿ ಇಳಿಬಿಟ್ಟುಕೊಂಡೇ ಇಳಿದು ಬಂದ.

"ಏನಮ್ಮಾ ಇದು, ಮನೆಯೊಳಗೆ ಕಬ್ಬಿಣ ಕೊಯ್ತಿದ್ದೀರಾ? ನನ್ನ ಹಲ್ಲು ಜುಂ ಅಂತಿದೆ!"

"ಇಷ್ಟು ಸಣ್ಣ ಸದ್ದಿಗಾ? ನಿಮ್ಮ ಹೊಲಿಗೆ ಮಿಷನ್ನು ನೆಟ್ಟಗಿದೆಯಾ ನೋಡ್ಕೊಳ್ಳಿ ಮೊದಲು."

ಟೈಲರ್ ತೆರೆದ ಬಾಗಿಲಿನಿಂದ ಒಳಗೆ ನೋಡಿದ. ತೊಟ್ಟಿಲಲ್ಲಿ ಪುಟ್ಟಿ ಮಲಗಿತ್ತು. ಅವನ ದನಿ ತಗ್ಗಿತು, ಆದರೂ ಹತ್ತಿರ ಬಂದು ಹೇಳಿದ್ದರಿಂದ ಹುಬ್ಬಮ್ಮನಿಗೆ ಒಂದಕ್ಷರ ಬಿಡದೆ ಕೇಳಿಸಿತು. "ಈ ಗಲಾಟೆಯಲ್ಲಿ ಮಗು ಹೇಗಮ್ಮಾ ಮಲಗುತ್ತೆ? ಅದಕ್ಕೆ ಕಿವಿ ಕೇಳುತ್ತೆ ತಾನೇ?"

ಅವನು ಹೋದ. ಮಾತು ಹೋಗಲಿಲ್ಲ. ಟೈಲರನ ಮಾತು ಸುಳ್ಳಾದರೆ ಕಂಪ್ರೆಸರ್ ಒಳ್ಳೆಯದು. ನಿಜವಾದರೆ ಮಗುವಿಗೆ ಕಿವಿ ಕೇಳದು. ಹುಬ್ಬಮ್ಮ ಎಷ್ಟು ತಿರುಗಿಸಿ ಯೋಚಿಸಿದರೂ ಈ ಎರಡೇ ದಾರಿ ಕಾಣುತ್ತಿದ್ದವು. ಹಾಲಿನವನೂ "ಏನಮ್ಮಾ ಸದ್ದು" ಎಂದು ಕಿವಿ ಮುಚ್ಚಿಕೊಂಡಾಗ ಮೊದಲನೆಯ ದಾರಿ ಇಲ್ಲವಾಯಿತು. ಮಗುವಿನ ಕಿವಿ ಹುಟ್ಟಿನಿಂದಲೇ ಹಾಗಿತ್ತೋ, ಅಥವಾ ತನ್ನ ಮಿಷನ್ನೇ ಕೆಡಿಸಿತೋ? ಮಿಷನ್ನಿನ ತಂತಿ ಕಿತ್ತು, ಮೇಲೊಂದು ಬೆಡ್‌ಶೀಟು ಹೊದಿಸಿದಳು. ಅರ್ಧ ಬರೆದ ಗೊಂಬೆಗಳು ಒಂದೊಂದೇ ಹುಬ್ಬು ಹೊತ್ತು ನಿಂತವು.

ಯಾರಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಸೊಸೆ ಸ್ನಾನಕ್ಕೆ ಹೋದಾಗಲೆಲ್ಲ ತಾನೇ ಪರೀಕ್ಷೆ ಮಾಡುತ್ತಿದ್ದಳು. ಹಿಂದೆ ನಿಂತು ಚಪ್ಪಾಳೆ ತಟ್ಟಿದರೆ ಮಗು ಒಮ್ಮೆ ತಿರುಗುತ್ತಿತ್ತು, ಒಮ್ಮೆ ತನ್ನ ಕಾಲ್ಬೆರಳಲ್ಲೇ ಮುಳುಗಿರುತ್ತಿತ್ತು. ತಿರುಗಿದರೆ ನೆರಳು ನೋಡಿ ತಿರುಗಿರಬೇಕು ಎಂಬ ಅನುಮಾನ. ಸಣ್ಣ ಗೆಜ್ಜೆ ಹಾಕಿದ ಗಿಲಕಿಯೊಂದನ್ನು ತಂದಳು. ಅಲ್ಲಾಡಿಸಿದರೆ ಅದಕ್ಕೆ ಸದ್ದೇ ಇಲ್ಲ! ಮೋಸ ಮಾಡಿದ ಎಂದು ಆಟಿಕೆ ಅಂಗಡಿಯವನನ್ನು ಶಪಿಸಿ ಮೂಲೆಗೆ ಎಸೆದಳು. ಪುಟ್ಟಿ ಕತ್ತು ತಿರುಗಿಸಿ ಆ ಮೂಲೆಯನ್ನೇ ನೋಡುತ್ತಿತ್ತು. ಪಾಪ, ಬಣ್ಣ ನೋಡಿ ಆಸೆಪಟ್ಟಿರಬೇಕು ಅಂದುಕೊಂಡಳು ಅಜ್ಜಿ.

ಕೊನೆಗೊಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಸೊಸೆಯ ಎರಡೂ ಕೈ ಹಿಡಿದು ಎಲ್ಲ ಹೇಳಿ ಗೋಳೋ ಎಂದು ಅತ್ತಳು. ಸೊಸೆಯ ಮುಖ ಬಿಳಿಚಿಕೊಂಡಿತು. ಚಪ್ಪಲಿ ಮೆಟ್ಟಿ, ಮಗುವನ್ನು ಎತ್ತಿಕೊಂಡು ಹೊರಟಳು.

ಕಿವಿ ಆಸ್ಪತ್ರೆಯ ಪರೀಕ್ಷೆಯ ಕೋಣೆಗೆ ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ. ಸೊಸೆಯ ತೊಡೆಯ ಮೇಲೆ ಪುಟ್ಟಿ ಕೂತಿತು. ಹುಬ್ಬಮ್ಮ ಮೂಲೆಯ ಕುರ್ಚಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತಳು. ಎರಡೂ ಬದಿಯ ಪೆಟ್ಟಿಗೆಗಳಿಂದ ಸದ್ದು ಬರುತ್ತದೆ, ಮಗು ತಿರುಗುತ್ತದೋ ಇಲ್ಲವೋ ನೋಡುತ್ತೇವೆ, ಎಂದು ಪರೀಕ್ಷೆ ಮಾಡುವ ಹುಡುಗಿ ಮೊದಲೇ ಗಟ್ಟಿಯಾಗಿ ಹೇಳಿ ಗಾಜಿನಾಚೆ ಹೋದಳು. ಹುಬ್ಬಮ್ಮ ಸದ್ದಿಗಾಗಿ ಕಾದಳು. ಪುಟ್ಟಿ ಎಡಕ್ಕೆ ನೋಡಿತು. ಸ್ವಲ್ಪ ಹೊತ್ತಿಗೆ ಬಲಕ್ಕೆ ನೋಡಿ ನಕ್ಕಿತು. ಮತ್ತೆ ಎಡಕ್ಕೆ. ಸುಮ್ಮಸುಮ್ಮನೆ ಹೀಗೆ ಕತ್ತು ತಿರುಗಿಸುವ ಮಗುವನ್ನು ನೋಡಿ ಹುಬ್ಬಮ್ಮ ಕುರ್ಚಿಯ ತುದಿಗೆ ಸರಿದಳು. ಕಿವಿಯಷ್ಟೇ ಅಲ್ಲ, ಇನ್ನೂ ಏನೋ ಕೆಟ್ಟಿದೆ. ಹುಡುಗಿ ಬಾಗಿಲು ತೆಗೆದು ಬಂದಾಗ ಎದ್ದು ನಿಂತೇಬಿಟ್ಟಳು.

"ಯಾವಾಗಮ್ಮಾ ಶುರು ಮಾಡೋದು? ನನಗೆ ಕೂರೋಕಾಗ್ತಿಲ್ಲ."

"ಮುಗೀತಲ್ಲ ಅಜ್ಜಿ. ಮಗೂಗೆ ಎಲ್ಲ ಚೆನ್ನಾಗಿ ಕೇಳುತ್ತೆ. ಅತೀ ಸಣ್ಣ ಸದ್ದಿಗೂ ತಿರುಗಿದಳು, ನೋಡಲಿಲ್ವಾ?"

"ಸದ್ದು ಎಲ್ಲಿ ಬಂತು?"

ಹುಡುಗಿ ಸೊಸೆಯನ್ನು ನೋಡಿದಳು. ಸೊಸೆ ಅತ್ತೆಯನ್ನು ನೋಡಿದಳು. ಆಮೇಲೆ ಹುಡುಗಿ ಹುಬ್ಬಮ್ಮನ ಭುಜ ಮುಟ್ಟಿ, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದಳು. "ಅಜ್ಜೀ, ನೀವೊಂದ್ಸಲ ಕೂತ್ಕೊಳ್ಳಿ."

ಕಾರ್ಖಾನೆಯ ಎಮ್ಮೆಗಳು ಗುಡುಗುತ್ತಲೇ ಅವಳ ಕಿವಿಯಿಂದ ತೆಳ್ಳನೆಯ ಸದ್ದುಗಳನ್ನೆಲ್ಲ ಮೇಯ್ದು ಮುಗಿಸಿದ್ದವು. ದಪ್ಪ ಸದ್ದು ಕೇಳುತ್ತಿತ್ತು, ಕೀಚಲು ಸದ್ದು ಕೇಳುತ್ತಿರಲಿಲ್ಲ. ಒಂದೇ ಸಮನೆ ಬರುವ ಸದ್ದಿಗೆ ಎಷ್ಟೋ ಮಕ್ಕಳು ಹಾಗೆಯೇ ನಿದ್ದೆ ಹೋಗುತ್ತವೆ, ಆದರೂ ಅಂಥ ಮಿಷನ್ನು ಮಗುವಿನ ಪಕ್ಕ ಬೇಡ, ಎಂದಳು ಹುಡುಗಿ. ಹುಬ್ಬಮ್ಮನಿಗೆ ಅರ್ಧ ಮಾತು ತಲೆಗೆ ಹೋಗಲಿಲ್ಲ. ಪುಟ್ಟಿಗೆ ಕಿವಿ ಕೇಳುತ್ತದೆ, ಅಷ್ಟು ಸಾಕಿತ್ತು. ಮಗುವನ್ನು ಎದೆಗವಚಿಕೊಂಡು ನಕ್ಕಳು. ತನ್ನ ಕಿವಿಯ ದುಃಖ ಅವಳನ್ನು ಹುಡುಕಿಕೊಂಡು ಬಂದದ್ದು ಹೊರಗಿನ ಮೆಟ್ಟಿಲ ಮೇಲೆ.

"ಆ ಮಿಷನ್ನು ತುಂಬಾ ಸದ್ದು ಮಾಡುತ್ತಾ?" ಎಂದು ಕೇಳಿದಳು.

ಸೊಸೆ ಎದುರಿಗೆ ಬಂದು ನಿಂತಳು. "ಗರಗಸದ ಥರ ಕಿರುಚುತ್ತೆ ಅತ್ತೆ."

"ಹೇಳಬಾರ್ದಿತ್ತಾ?"

"ಹೇಳಿದೆ. ನೀವು 'ಹ್ಞೂಂ, ಚೆನ್ನಾಗಿದೆ ಅಲ್ವಾ' ಅಂದ್ರಿ. ಎಷ್ಟೋ ದಿನದ ಮೇಲೆ ನಗ್ತಾ ಇದ್ರಿ. ಮತ್ತೆ ಹೇಳೋಕೆ ಮನಸ್ಸು ಬರಲಿಲ್ಲ. ಹತ್ತಿ ಇಟ್ಕೊಂಡೆ."

ಸೊಸೆಗೆ ಒಳ್ಳೆಯ, ತುಂಬಿದ ದನಿ ಇತ್ತು. ಅದು ಹುಬ್ಬಮ್ಮನಿಗೆ ಅವತ್ತೇ ಗೊತ್ತಾದದ್ದು. ತಾನು ತಲೆಯಾಡಿಸಿ ಕಳೆದುಕೊಂಡ ಮಾತುಗಳು ಎಷ್ಟಿದ್ದವೋ. ನಾಚಿಕೆಯಿಂದ ಅವಳು ಮಗುವಿನ ಟೊಪ್ಪಿಗೆ ಸರಿಮಾಡುತ್ತ ನಿಂತಳು.

ಮುಂದಿನ ವಾರ ಮಿಷನ್ನನ್ನು ಮಗನ ಹೆಗಲ ಮೇಲೆ ಹೊರಿಸಿಕೊಂಡು ಮೂವರೂ ಅದೇ ಅಂಗಡಿಗೆ ಹೋದರು. ಪುಟ್ಟಿ ಸೊಸೆಯ ಕಂಕುಳಲ್ಲಿತ್ತು. ಬದಲಿ ಕೊಡುತ್ತೇನೆ, ನಿಧಾನಕ್ಕೆ ನೋಡಿ ಎಂದ ಅಂಗಡಿಯವನು. ಅವನು ಎಲ್ಲ ಕಂಡವನು, ಆಶ್ಚರ್ಯಪಡಲಿಲ್ಲ. ಮೊದಲು ಆ ಹಗುರದ ಮಿಷನ್ನನ್ನೇ ಚಾಲೂ ಮಾಡಿದ. ಹುಬ್ಬಮ್ಮನಿಗೆ ಅದೇ ಕಾಳು ಕೇರುವ ಸದ್ದು. ಆದರೆ ಈ ಸಲ ಅವಳು ಮಿಷನ್ನಿನ ಕಡೆ ನೋಡಲೇ ಇಲ್ಲ, ಸೊಸೆಯ ಮುಖ ನೋಡಿದಳು. ಎರಡು ಹುಬ್ಬೂ ಮೂಗಿನ ಬುಡಕ್ಕೆ ಸೇರಿ ಗಂಟಾದವು. ಮನೆಯಲ್ಲಿ ದಿನಾ ಕಂಡ ಗಂಟು ಅದೇ. ಜೀವಮಾನವೆಲ್ಲ ಹುಬ್ಬು ಬರೆದವಳಿಗೆ ಮನೆಯ ಹುಬ್ಬೊಂದನ್ನು ಓದಲು ಬಂದಿರಲಿಲ್ಲ.

ಆಮೇಲೆ ದುಂಡನೆಯದು ಚಾಲೂ ಆಯಿತು. ಗುಡುಗುಡು, ಗುಡುಗುಡು. ಇದು ಬೇಡ ಎಂದು ಬಾಯಿಗೆ ಬಂದದ್ದನ್ನು ಹುಬ್ಬಮ್ಮ ನಾಲಿಗೆ ಕಚ್ಚಿ ತಡೆದಳು. ಸೊಸೆಯ ಹುಬ್ಬುಗಳು ಮೆಲ್ಲಗೆ ಬಿಡಿಸಿಕೊಂಡು ತಮ್ಮ ಜಾಗಕ್ಕೆ ಹೋದವು. ಎಡದ್ದು ಬಲದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ, ಯಾವ ಗನ್ನಿಗೂ ಬರೆಯಲಾಗದ ಹಾಗೆ.

ಅಂಗಡಿಯವನು ಅತ್ತೆಯ ಕಡೆ ತಿರುಗಿದ. "ಏನಮ್ಮಾ, ಹೇಗಿದೆ?"

"ನನ್ನನ್ನೇನು ಕೇಳ್ತೀಯಪ್ಪಾ," ಅಂದಳು ಹುಬ್ಬಮ್ಮ. "ಅವಳನ್ನ ಕೇಳು."

ಸೊಸೆ ಅತ್ತೆಯ ಎದುರಿಗೆ ಬಂದು, ಗಟ್ಟಿಯಾಗಿ, "ಇದೇ ಇರಲಿ ಅತ್ತೆ," ಅಂದಳು. ಹುಬ್ಬಮ್ಮ ಅದನ್ನು ಕಿವಿಯಿಂದಲೂ ಕೇಳಿದಳು, ಮುಖದಲ್ಲೂ ಓದಿಕೊಂಡಳು.