ನಮ್ಮ ಅಂಗಳದಲ್ಲಿಲ್ಲದ ರೆಸಾರ್ಟ್

ಮೊದಲ ಕಾರು ಬಂದ ದಿನ ನಾನು ಅಂಗಳದಲ್ಲಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆ. ಇಳಿದವರು ಹೊಸದಾಗಿ ಮದುವೆಯಾದ ಹುಡುಗ ಹುಡುಗಿ. ಫೋನನ್ನು ನೋಡಿದರು, ಮನೆಯನ್ನು ನೋಡಿದರು, ಮತ್ತೆ ಫೋನನ್ನು ನೋಡಿದರು. ಸ್ವಿಮ್ಮಿಂಗ್ ಪೂಲ್ ಮನೆಯ ಹಿಂದೆ ಇದೆಯೇ ಎಂದು ಹುಡುಗಿ ಕೇಳಿದಳು. ಹಿಂದೆ ಇದ್ದದ್ದು ದನಗಳಿಗೆ ನೀರು ತುಂಬುವ ತೊಟ್ಟಿ. ಹುಡುಗ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ನಮ್ಮ ಬ್ಯಾರನ್ನಿನ ಎತ್ತರದ ಗೋಡೆ ತೋರಿಸಿ, ಪ್ರಾಣಿಗಳನ್ನು ನೋಡುವ ಗೋಪುರ ಅದೇನಾ ಎಂದ.

ನಮ್ಮ ಮನೆ ಇರುವುದು ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವಾಗ, ಟಾರು ರಸ್ತೆ ಬಿಟ್ಟು ಒಳಗೆ, ಹೊಲದ ಮಧ್ಯೆ. ಕಾಡು ಹತ್ತಿರ. ಆನೆ ಬರುವುದೂ ಉಂಟು. ಬಂದುಹೋದ ಮಾರನೆಯ ದಿನ ಜೋಳ ಇರುವುದಿಲ್ಲ. ಇಂಥ ಮನೆಯ ಮೇಲೆ ಯಾರೋ ಮ್ಯಾಪಿನಲ್ಲಿ ಕೆಂಪು ಗುರುತು ಇಟ್ಟು, ಹುಲಿಯ ಹೆಸರು ಸೇರಿಸಿ, ರೆಸಾರ್ಟ್ ಎಂದು ಬರೆದಿದ್ದರು. ಫೋಟೋಗಳು ಬೇರೆ ಎಲ್ಲಿಯವೋ. ಮರದ ಕಾಟೇಜು, ನೀಲಿ ನೀರು, ಬಿಳಿ ಹಾಸಿಗೆಯ ಮೇಲೆ ಹೂವಿನ ಎಸಳು. ಕೆಳಗಿದ್ದ ಫೋನ್ ನಂಬರು ಮೋಸಗಾರರದು. ಮುಂಗಡ ಕಳಿಸಿದವರಿಗೆ ಚಂದದ ರಸೀದಿ ಫೋನಿಗೆ ಬರುತ್ತಿತ್ತು. ಅದನ್ನು ಹಿಡಿದುಕೊಂಡು ಅವರು ನಮ್ಮ ಅಂಗಳಕ್ಕೆ ಬರುತ್ತಿದ್ದರು.

ಇದೆಲ್ಲ ಆ ದಿನವೇ ನನಗೆ ಅರ್ಥವಾಗಲಿಲ್ಲ. ಯಾರೋ ದಾರಿ ತಪ್ಪಿದ್ದಾರೆ ಅಂದುಕೊಂಡೆ. ಮುಂದಿನ ವಾರ ಇನ್ನೊಂದು ಕಾರು, ಶನಿವಾರ ಬಂತೆಂದರೆ ಮತ್ತೊಂದು. ನನ್ನ ಗಂಡ ಬಂದವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಟೀ ಮಾಡಿಸುತ್ತಿದ್ದರು. ಟೀ ಮಾಡುವವಳು ನಾನು. ಸೊಪ್ಪು ಬೇಯುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುವುದೋ, ಬಂದವರ ಕಣ್ಣೀರು ಒರೆಸುವುದೋ ಎಂದು ರೇಗಿದರೆ, "ಬುಡು ಕಣಮ್ಮಿ, ಪಾಪ, ಮಕ್ಕಳ ಕಟ್ಕೊಂಡು ಬಂದವ್ರೆ" ಎನ್ನುತ್ತಿದ್ದರು.

ಬಂದವರ ಕಥೆ ಕೇಳಿ ಕೇಳಿ ಈ ಮೋಸದ ದಾರಿ ನನಗೆ ಬಾಯಿಪಾಠವಾಯಿತು. ಅರ್ಧ ದರ, ಅದೂ ಇವತ್ತು ಸಂಜೆಯವರೆಗೆ ಮಾತ್ರ. ದುಡ್ಡು ಹಾಕಲು ಹೋದರೆ ಪರದೆಯ ಮೇಲೆ ಬರುವುದು ರೆಸಾರ್ಟಿನ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಯಾಕೆ ಎಂದರೆ ಅದು ನಮ್ಮ ಅಕೌಂಟೆಂಟರದು ಎನ್ನುತ್ತಾರೆ. ವಿಡಿಯೋ ಕಾಲ್ ಮಾಡಿ ರೂಮು ತೋರಿಸಿ ಎಂದರೆ ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ ಎನ್ನುತ್ತಾರೆ. ಮ್ಯಾಪಿನಲ್ಲಿ ರೆಸಾರ್ಟನ್ನು ಹೊಗಳಿ ಬರೆದವರೆಲ್ಲ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಬರೆದಿರುತ್ತಾರೆ, ಅದೂ ಒಂದೇ ಧಾಟಿಯಲ್ಲಿ. ಇದನ್ನೆಲ್ಲ ನಾನು ಹೇಳಿದಾಗ ಕೇಳಿದವರು ಹೂಂ ಎಂದು ತಲೆಯಾಡಿಸಿ, ನಮಗೂ ಹಾಗೇ ಅನ್ನಿಸಿತ್ತು ಎನ್ನುತ್ತಿದ್ದರು. ನನ್ನ ತಲೆ ಕೆಡುತ್ತಿದ್ದದ್ದು ಅಲ್ಲೇ. ಅನುಮಾನ ಬಾರದವರು ಒಬ್ಬರೂ ಇರಲಿಲ್ಲ. ಬಂದ ಅನುಮಾನವನ್ನು ಪಕ್ಕಕ್ಕಿಟ್ಟು ದುಡ್ಡು ಹಾಕಿದ್ದರು. ಫೋಟೋ ಚೆನ್ನಾಗಿತ್ತಂತೆ.

ದಾರಿಯಲ್ಲಿ ಒಂದು ಬೋರ್ಡು ಹಾಕಿ ಎಂದು ಗಂಡನಿಗೆ ಹೇಳಿದೆ. ಅವರು ತಗಡಿನ ಮೇಲೆ ದೊಡ್ಡದಾಗಿ "ಇಲ್ಲಿ ರೆಸಾರ್ಟ್" ಎಂದು ಬರೆದು, ಜಾಗ ಸಾಲದೆ "ಇಲ್ಲ" ಎಂಬುದನ್ನು ಕೆಳಗಿನ ಸಾಲಿನಲ್ಲಿ ಸಣ್ಣದಾಗಿ ಬರೆದರು. ಸುಮ್ಮನೆ ಕಾಡು ನೋಡಲು ಹೊರಟಿದ್ದ ಇಬ್ಬರು ಅದನ್ನು ಓದಿಕೊಂಡೇ ಕಾರನ್ನು ಒಳಕ್ಕೆ ತಿರುಗಿಸಿ, ರೂಮು ಖಾಲಿ ಇದೆಯೇ ಎಂದು ಕೇಳಿದರು. ಬೋರ್ಡನ್ನು ನಾನೇ ಕಿತ್ತು ತಂದೆ.

ಆಮೇಲೆ ಬಂತು ಕೆ.ಆರ್. ನಗರದ ಕುಟುಂಬ. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆತನದು ಅಲ್ಲಿ ಟೈಲ್ಸ್ ಅಂಗಡಿ. ದಿನವೂ ಹತ್ತು ಜನರ ಹತ್ತಿರ ಚೌಕಾಸಿ ಮಾಡುವ ಮನುಷ್ಯ, ನಮ್ಮದೇ ಸೀಮೆಯವರು. ಇವರಿಗೆ ಬೇಗ ಅರ್ಥವಾಗುತ್ತದೆ ಎಂದು ನನಗೆ ಸಮಾಧಾನವೇ ಆಯಿತು. ಇಲ್ಲಿ ರೆಸಾರ್ಟ್ ಇಲ್ಲ, ನೀವು ಮೋಸ ಹೋಗಿದ್ದೀರಿ ಎಂದು ಹೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ನಂಬರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

ಆ ಕಡೆಯ ದನಿ ಬಹಳ ನಯವಾಗಿತ್ತು. "ಸರ್, ಆ ಹೆಂಗಸು ನಮ್ಮ ತೋಟದ ಕೆಲಸದವಳು. ಗೆಸ್ಟ್ ಬಂದಾಗೆಲ್ಲ ಹೀಗೇ ಮಾಡ್ತಾಳೆ. ನೀವು ಬ್ಯಾಲೆನ್ಸ್ ಹಾಕ್ಬಿಡಿ, ಈಗಲೇ ಮ್ಯಾನೇಜರ್ ಬಂದು ರೂಮ್ ಓಪನ್ ಮಾಡ್ತಾರೆ."

ನನ್ನ ಮನೆಯ ಅಂಗಳದಲ್ಲಿ ನಿಂತು ನಾನು ಇದನ್ನು ಕೇಳಬೇಕಾಯಿತು. "ಅಣ್ಣ, ಇದು ನನ್ನ ಮನೆ. ಒಳಗೆ ನಮ್ಮತ್ತೆ ಮಲಗವ್ರೆ, ಬೇಕಾದ್ರೆ ಎಬ್ಬಿಸಿ ಕೇಳಿ" ಎಂದೆ.

"ನೀವು ಸುಮ್ಕಿರಿ. ನಂಗೂ ಯಾಪಾರ ಗೊತ್ತು" ಎಂದ ಆತ.

ಅವನ ಹೆಂಡತಿ ಬೇಡ ಬೇಡ ಎನ್ನುತ್ತ ಕೈ ಹಿಡಿದರು. ನನ್ನ ಗಂಡ ಕೊಟ್ಟಿಗೆಯಿಂದ ಓಡಿಬಂದು ಮನೆಯ ಕಂದಾಯದ ರಸೀದಿ ತರುತ್ತೇನೆ ಎಂದರು. ಆತ ನಮಗೆಲ್ಲ ಬೆನ್ನು ತಿರುಗಿಸಿ, ಬ್ಯಾರನ್ನಿನ ನೆರಳಿಗೆ ಹೋಗಿ, ಉಳಿದ ದುಡ್ಡನ್ನೂ ಕಳಿಸಿಬಿಟ್ಟ. ಕಳ್ಳ ಕಣ್ಣಿಗೆ ಕಾಣದ ಊರಿನಲ್ಲಿದ್ದಾನೆ, ಮನೆಯ ಯಜಮಾನಿ ಎದುರಿಗೇ ನಿಂತಿದ್ದಾಳೆ, ಈ ಮನುಷ್ಯ ನಂಬಿದ್ದು ಕಳ್ಳನನ್ನು. ಯಾಕೆಂದರೆ ಆಗಲೇ ಒಂದು ಸಲ ದುಡ್ಡು ಕೊಟ್ಟಾಗಿತ್ತು. ನನ್ನ ಮಾತು ನಿಜವೆಂದು ಒಪ್ಪಿದರೆ ಆ ದುಡ್ಡು ಹೋದದ್ದೂ ನಿಜವಾಗುತ್ತಿತ್ತು.

ಮ್ಯಾನೇಜರ್ ಬರಲಿಲ್ಲ. ಮತ್ತೆ ಫೋನ್ ಮಾಡಿದರೆ ನಂಬರು ಸ್ವಿಚ್ ಆಫ್. ಮಕ್ಕಳು ಕಾರಿನಿಂದ ಇಳಿದು ಈಜುವ ಬಟ್ಟೆಯ ಚೀಲ ಹಿಡಿದು ನಿಂತಿದ್ದವು. ಆತ ನಮ್ಮ ಮನೆಯ ಫೋಟೋ ತೆಗೆಯತೊಡಗಿದ. ನನ್ನದೂ ಒಂದು ತೆಗೆದ.

ಹೆಂಡತಿ ಮಾತ್ರ ಒಂದು ಲೋಟ ನೀರು ಕುಡಿದು, ಗಂಡನ ಕೈಯಿಂದ ಫೋನ್ ಕಿತ್ತುಕೊಂಡು, ಮಧ್ಯೆ ಕಟ್ಟಾಗದ ಹಾಗೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದರು. ಹಿಂದಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದೆ. ದನಗಳ ಮಧ್ಯೆ ನಿಂತು ಅವರು ಸೈಬರ್ ವಂಚನೆಯ ಸಹಾಯವಾಣಿಗೆ ಫೋನ್ ಮಾಡಿ, ದುಡ್ಡು ಹೋದ ಅಕೌಂಟು, ಹೋದ ಹೊತ್ತು, ಎಲ್ಲವನ್ನೂ ಒಂದೊಂದಾಗಿ ಬರೆಸಿದರು. ಆಮೇಲೆ ಬ್ಯಾಂಕಿಗೂ ಫೋನ್ ಮಾಡಿದರು. "ಈಗ್ಲೇ ಹೇಳ್ಬೇಕು ಕಣಕ್ಕ. ತಡ ಮಾಡುದ್ರೆ ದುಡ್ಡು ಇನ್ಯಾರ ಅಕೌಂಟಿಗೋ ಹೋಗ್ಬುಡ್ತದೆ" ಎಂದರು. ಮಗಳ ಶಾಲೆಯಲ್ಲಿ ತಾಯಂದಿರನ್ನು ಕರೆಸಿ ಇದನ್ನೆಲ್ಲ ಹೇಳಿಕೊಟ್ಟಿದ್ದರಂತೆ. ಅಷ್ಟು ತಿಂಗಳಲ್ಲಿ ನಮ್ಮ ಅಂಗಳಕ್ಕೆ ಬಂದವರಲ್ಲಿ ಅಳದೆ, ಬೈಯದೆ, ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದವರು ಅವರೊಬ್ಬರೇ.

ಆತ ತೆಗೆದ ಫೋಟೋ ಪೊಲೀಸರಿಗೆ ತಲುಪಿತು. ಒಂದು ಬೆಳಿಗ್ಗೆ ಪೇದೆಯೊಬ್ಬರು ಬೈಕಿನಲ್ಲಿ ಬಂದು, ಕೊಟ್ಟಿಗೆ, ತೊಟ್ಟಿ, ಬ್ಯಾರನ್ನು ಎಲ್ಲ ನೋಡಿ ನಕ್ಕರು. ಆದರೂ ದೂರಿನಲ್ಲಿ ನಮ್ಮ ಮನೆ ಇರುವುದರಿಂದ ಹೇಳಿಕೆ ಕೊಡಲೇಬೇಕೆಂದರು. ಹುಣಸೂರಿಗೆ ಹೋಗಿ, ಬೆಂಚಿನ ಮೇಲೆ ಕಾದು, ನನ್ನ ಮನೆ ರೆಸಾರ್ಟ್ ಅಲ್ಲ ಎಂದು ಬರೆದುಕೊಟ್ಟು ಬಂದೆ. ಮದುವೆಯಾಗಿ ಬಂದಾಗಿನಿಂದ ಇರುವ ಮನೆಯನ್ನು ಅದು ಏನಲ್ಲ ಎಂದು ಬರೆದುಕೊಡುವ ಗತಿ ಇನ್ಯಾರಿಗಾದರೂ ಬಂದಿದೆಯೋ ಇಲ್ಲವೋ. ಮ್ಯಾಪಿನ ಗುರುತನ್ನು ಮ್ಯಾಪಿನವರೇ ತೆಗೆಯಬೇಕು, ಅಲ್ಲಿಗೆ ತಿಳಿಸಿ ಎಂದು ಠಾಣೆಯಲ್ಲಿ ಹೇಳಿದರು.

ತಿಳಿಸಿದೆ. ಮ್ಯಾಪಿನಲ್ಲಿ ಈ ಜಾಗ ಅಸ್ತಿತ್ವದಲ್ಲಿಲ್ಲ ಎಂಬ ಗುಂಡಿ ಒತ್ತಿದೆ. ನಿಮ್ಮ ಸಲಹೆಯನ್ನು ಪರಿಶೀಲಿಸಿದ್ದೇವೆ, ಒಪ್ಪಲಾಗಿಲ್ಲ ಎಂದು ಉತ್ತರ ಬಂತು. ನನ್ನ ಅಂಗಳದಲ್ಲಿ ರೆಸಾರ್ಟ್ ಇದೆಯೆಂದು ನನಗೇ ಹೇಳುವ ಯಂತ್ರದ ಜೊತೆ ಹೇಗೆ ಜಗಳವಾಡುವುದು? ಕೊನೆಗೆ ನಮ್ಮ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಎಲ್ಲ ಹೆಂಗಸರ ಫೋನುಗಳನ್ನೂ ತೆಗೆಸಿ, ಒಬ್ಬೊಬ್ಬರಿಂದಲೂ ಅದೇ ಗುಂಡಿ ಒತ್ತಿಸಿದೆ. ಕೆಲವು ದಿನ ಬಿಟ್ಟು ನೋಡಿದರೆ ಗುರುತು ಹೋಗಿತ್ತು.

ಇನ್ನು ನೆಮ್ಮದಿ ಎಂದುಕೊಂಡು ರಾಗಿ ಕೇರುತ್ತಿದ್ದೆ. ನನ್ನ ಗಂಡ ಫೋನ್ ಕಿವಿಗೆ ಹಿಡಿದುಕೊಂಡೇ ಬಂದು, "ಅಮ್ಮಿ, ನಿನ್ನ ಫೋನ್‌ಗೆ ಒಂದು ನಂಬರ್ ಬಂದದಂತೆ, ಏನದು ಹೇಳು" ಎಂದರು. ಬ್ಯಾಂಕಿನ ಖಾತೆಗೆ ಜೋಡಿಸಿರುವುದು ನನ್ನ ಫೋನು. ಬಂದದ್ದು ಓಟಿಪಿ. ಯಾಕೆ ಎಂದು ಕೇಳಿದರೆ ಅವರ ಮುಖ ಮದುವಣಿಗನ ಹಾಗೆ ಅರಳಿತ್ತು. ಯಾರೋ ನಮ್ಮ ಮನೆಯನ್ನು ಹೋಮ್‌ಸ್ಟೇ ಮಾಡಿಸಿಕೊಡುತ್ತಾರಂತೆ. ಪರವಾನಗಿ ಅವರೇ ತರುತ್ತಾರಂತೆ, ತಿಂಗಳು ತಿಂಗಳು ದುಡ್ಡು ಬರುತ್ತದಂತೆ. ನೋಂದಣಿಯ ಶುಲ್ಕ ಮಾತ್ರ ಇವತ್ತೇ ಕಟ್ಟಬೇಕಂತೆ.

ಅಷ್ಟೂ ಜನರ ಗೋಳನ್ನು ಎದುರಿಗೆ ಕೂತು ಕೇಳಿದ ಮನುಷ್ಯ ಇವರು. ಕೇರುತ್ತಿದ್ದ ಮೊರ ಕೆಳಗಿಟ್ಟೆ.

"ಇವರು ಅಂಥೋರಲ್ಲ ಕಣಮ್ಮಿ" ಎಂದರು ಮೆಲ್ಲಗೆ. "ಬಲೇ ಮರ್ಯಾದಿಯಿಂದ ಮಾತಾಡ್ತಾರೆ."

"ಅವರೆಲ್ಲ ಮರ್ಯಾದಿಯಿಂದ್ಲೇ ಮಾತಾಡಿದ್ದು ಕಣ್ರೀ. ಬೈದು ದುಡ್ಡು ಇಸ್ಕೊಂಡೋರು ಯಾರವ್ರೆ?"

ಫೋನ್ ಇಸಿದುಕೊಂಡು, ನಿಮ್ಮ ಆಫೀಸು ಎಲ್ಲಿದೆ, ವಿಡಿಯೋದಲ್ಲಿ ಸ್ವಲ್ಪ ತೋರಿಸಿ ಎಂದೆ. ಆ ಕಡೆಯಿಂದ ಫೋನ್ ಕಟ್ಟಾಯಿತು. ನನ್ನ ಗಂಡ ಮುನಿಸಿಕೊಂಡು ಕೊಟ್ಟಿಗೆಗೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದೇನೆಂದರೆ, ಅವರು ಒಳ್ಳೆಯವರೇ ಇದ್ದಿರಬಹುದು, ನಾನು ಕೇಳಿದ ಜೋರಿಗೆ ಹೆದರಿರಬೇಕು ಎಂದು. ಮಾರನೆಯ ದಿನ ಬ್ಯಾಂಕಿಗೆ ಹೋಗಿ, ಖಾತೆಯಿಂದ ದಿನಕ್ಕೆ ಕಳಿಸಬಹುದಾದ ಮೊತ್ತವನ್ನು ಕಡಿಮೆ ಮಾಡಿಸಿ ಬಂದೆ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.

ಸುಗ್ಗಿ ಮುಗಿದ ಮೇಲೆ ಕೆ.ಆರ್. ನಗರದ ಆ ಹೆಣ್ಣುಮಗಳು ಫೋನ್ ಮಾಡಿದರು. ನಮ್ಮ ಅಂಗಳದಲ್ಲಿ ನಿಂತು ಕಳಿಸಿದ ದುಡ್ಡಿನಲ್ಲಿ ಬಹುಪಾಲನ್ನು ಬ್ಯಾಂಕಿನವರು ದಾರಿಯಲ್ಲೇ ತಡೆದಿದ್ದರಂತೆ, ಓಡಾಡಿದ ಮೇಲೆ ವಾಪಸ್ ಸಿಕ್ಕಿತಂತೆ. ಮೊದಲು ಕಟ್ಟಿದ ಮುಂಗಡ ಹೋದದ್ದು ಹೋಯಿತು. ಗಂಡ ಏನೆನ್ನುತ್ತಾರೆ ಎಂದು ಕೇಳಿದೆ. ನೆಂಟರ ಹತ್ತಿರವೆಲ್ಲ ರೆಸಾರ್ಟ್ ಚೆನ್ನಾಗಿತ್ತು, ಆನೆಯೂ ಕಂಡಿತು ಎಂದು ಹೇಳಿಕೊಂಡು ಓಡಾಡುತ್ತಿದ್ದಾರೆ ಎಂದು ನಕ್ಕರು. ಅವನ ಮಾತು ನಂಬಿ ನೆಂಟರು ಎಲ್ಲಿ ಬುಕ್ ಮಾಡಿಬಿಡುತ್ತಾರೋ ಎಂಬ ಹೆದರಿಕೆಯಲ್ಲಿ ನನಗೆ ನಗು ಬರಲಿಲ್ಲ. ಅವರಿಗಾದರೂ ನಿಜ ಹೇಳಿ ಎಂದು ಅಂಗಲಾಚಿದೆ.

ಮೊನ್ನೆ ಬೀಚನಹಳ್ಳಿಯಿಂದ ನನ್ನ ತಂಗಿಯ ಫೋನು. ಅವಳ ಗಂಡನಿಗೆ ಅಲ್ಲಿ ಅಣೆಕಟ್ಟೆಯ ಹಿನ್ನೀರಿನ ಹತ್ತಿರ ಹೊಲವಿದೆ. ಮನೆಯ ಮುಂದೆ ಕಾರೊಂದು ನಿಂತಿದೆ, ದೋಣಿ ಎಲ್ಲಿ ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಎಂದಳು. ಏನೂ ಹೇಳಬೇಡ, ನಿಂತ ಜಾಗದಿಂದಲೇ ಸಹಾಯವಾಣಿಗೂ ಬ್ಯಾಂಕಿಗೂ ಫೋನ್ ಮಾಡಿಸು, ಅವರು ಇನ್ನೊಂದು ಕಾಸು ಹಾಕದ ಹಾಗೆ ನೋಡಿಕೊ, ಆಮೇಲೆ ಮಿಕ್ಕ ಮಾತು ಎಂದು ಒಂದೇ ಉಸಿರಿಗೆ ಹೇಳಿದೆ. ದನಿ ಏರಿದ್ದು ನನಗೇ ಗೊತ್ತಾಗಲಿಲ್ಲ.

"ಅದಕ್ಯಾಕಕ್ಕ ನನ್ನ ಬೈತೀಯ?" ಎಂದಳು.